ಅಂಗಳದ ಅನಿಲ ಅಗ್ಗಿಷ್ಟಿಕೆ: ಮಾಡುವವರ ಹೊಣೆ, ಕೊಳ್ಳುವವರ ಎಚ್ಚರ

ಚಳಿಗಾಲ ಸಮೀಪಿಸಿತೆಂದರೆ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆಯ ಹೋಂಸ್ಟೇ ಹಾಗೂ ರೆಸಾರ್ಟ್‌ಗಳಿಂದ ನಮ್ಮಂತಹ ಸಣ್ಣ ಫ್ಯಾಬ್ರಿಕೇಷನ್ ಘಟಕಗಳಿಗೆ ಒಂದು ಬಗೆಯ ವಿಚಾರಣೆಗಳು ಬರತೊಡಗುತ್ತವೆ. ಅತಿಥಿಗಳು ರಾತ್ರಿ ಅಂಗಳದಲ್ಲಿ ಸುತ್ತ ಕುಳಿತು ಮೈ ಬೆಚ್ಚಗೆ ಮಾಡಿಕೊಳ್ಳುವಂತಹ, ಗ್ಯಾಸಿನಿಂದ ಉರಿಯುವ ‘ಫೈರ್ ಪಿಟ್’ ಬೇಕು ಎಂಬುದು ಅವುಗಳ ಸಾರ. ಬೆಂಗಳೂರಿನ ಮಹಡಿಯ ಮೇಲಣ ಉಪಾಹಾರ ಗೃಹಗಳೂ, ನಗರದ ಹೊರವಲಯದ ವಿಲ್ಲಾಗಳ ಮಾಲೀಕರೂ ಈ ಪಟ್ಟಿಗೆ ಸೇರಿದ್ದಾರೆ. ಇದೊಂದು ಹೊಸ ಮಾರುಕಟ್ಟೆ. ಹೊಸ ಮಾರುಕಟ್ಟೆ ತೆರೆದಾಗ ಸಂತೋಷಪಡುವುದು ವರ್ತಕರ ಸಹಜ ಧರ್ಮ. ಆದರೆ ಈ ಸರಕು ಕುರ್ಚಿ, ಮೇಜು, ಹೂಕುಂಡಗಳಂತಹುದಲ್ಲ ಎಂಬ ವಿಚಾರವನ್ನು ಸದಸ್ಯ ಬಾಂಧವರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಬೆಂಕಿಯ ಸುತ್ತ ಕೂರುವುದು ನಮ್ಮ ನಾಡಿಗೆ ಹೊಸತೇನಲ್ಲ. ಮಲೆನಾಡಿನ ಮನೆಗಳಲ್ಲಿ ಮಳೆಗಾಲದ ಸಂಜೆ ಬಚ್ಚಲ ಒಲೆಯ ಮುಂದೆ ಜಾಗಕ್ಕಾಗಿ ಮಕ್ಕಳು ಜಗಳವಾಡಿದ್ದುಂಟು. ಆದರೆ ಸೌದೆಯ ಬೆಂಕಿ ತನ್ನ ಇರವನ್ನು ಹೊಗೆಯಿಂದಲೇ ಸಾರುತ್ತದೆ. ನಂದಿದರೆ ಬೂದಿಯಾಗುತ್ತದೆ, ಅಷ್ಟೇ. ಅನಿಲದ ಬೆಂಕಿ ಹಾಗಲ್ಲ. ಅದು ನಂದಿದ ಮೇಲೆಯೇ ಅಪಾಯ ಆರಂಭವಾಗುತ್ತದೆ. ಈ ಒಂದು ವ್ಯತ್ಯಾಸವನ್ನು ನಾನು ಅರಿತದ್ದು ಪುಸ್ತಕದಿಂದಲ್ಲ, ನನ್ನದೇ ತಪ್ಪಿನಿಂದ.

ಒಂದು ಆದೇಶದ ಕಥೆ

ಕೆಲವು ವರ್ಷಗಳ ಹಿಂದೆ ಮಲೆನಾಡಿನ ಒಂದು ವಸತಿಗೃಹಕ್ಕೆ ನಾಲ್ಕು ಅಗ್ಗಿಷ್ಟಿಕೆಗಳನ್ನು ಮಾಡಿಕೊಡುವ ಆದೇಶ ನಮಗೆ ದೊರೆಯಿತು. ಹೋಟೆಲುಗಳಿಗೆ ದೊಡ್ಡ ಒಲೆಗಳನ್ನು ಮಾಡಿಕೊಡುವುದು ನಮ್ಮ ಹಳೆಯ ಕಸುಬು. ಅದೇ ಬರ್ನರನ್ನು ಚೆಂದದ ಉಕ್ಕಿನ ಬೋಗುಣಿಯೊಳಗೆ ಕೂರಿಸಿ ಮೇಲೆ ಕಲ್ಲು ಹರಡಿದರೆ ಆಯಿತೆಂದು ನಾವು ಭಾವಿಸಿದೆವು. ಜ್ವಾಲೆ ನಂದಿದೊಡನೆ ಅನಿಲವನ್ನು ತಾನಾಗಿ ತಡೆಯುವ ಕವಾಟವನ್ನು ನಮ್ಮ ಮೊದಲ ದರಪಟ್ಟಿಯಲ್ಲಿ ಸೇರಿಸಿದ್ದೆವು. ಗ್ರಾಹಕರು ದರ ಇಳಿಸಿರೆಂದರು. ನಾವು ಆ ಕವಾಟವನ್ನು ತೆಗೆದುಹಾಕಿ ದರ ಇಳಿಸಿದೆವು. ಆ ಭಾಗದ ಬೆಲೆ ಸಾಮಗ್ರಿಯ ಲಾರಿ ಬಾಡಿಗೆಗಿಂತಲೂ ಕಡಿಮೆಯಿತ್ತು ಎಂಬುದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಎರಡನೆಯ ತಿಂಗಳಿನಲ್ಲಿಯೇ ದೂರವಾಣಿ ಕರೆ ಬಂತು. ಒಂದು ಸಂಜೆ ಗಾಳಿಗೆ ಜ್ವಾಲೆ ನಂದಿತ್ತು. ಅನಿಲ ಹರಿಯುತ್ತಲೇ ಇತ್ತು. ಅಗ್ಗಿಷ್ಟಿಕೆಯ ಸುತ್ತ ಕೂರಲೆಂದು ನೆಲವನ್ನು ಎರಡಡಿ ತಗ್ಗಿಸಿ ಕಟ್ಟಿದ್ದರಿಂದ ಅದು ಅಲ್ಲಿಯೇ ಮಡುಗಟ್ಟಿತ್ತು. ಅತಿಥಿಗಳು ಊಟಕ್ಕೆ ಎದ್ದು ಹೋಗಿದ್ದರು. ಮತ್ತೆ ಹೊತ್ತಿಸಲೆಂದು ಬಂದ ಇಪ್ಪತ್ತರ ಹರೆಯದ ಕೆಲಸಗಾರ ಲೈಟರ್ ಒತ್ತಿದ. ಮುಖ, ಎರಡೂ ಕೈ, ಮುಂಗೈಗಳು ಸುಟ್ಟವು. ಜೀವ ಉಳಿಯಿತು. ಬೆರಳುಗಳು ಮೊದಲಿನಂತೆ ಮಡಚುವುದಿಲ್ಲ. ನಾನು ಆಸ್ಪತ್ರೆಗೆ ಹೋದಾಗ ಅವನು ನನ್ನ ಮೇಲೆ ಕೋಪಿಸಿಕೊಳ್ಳಲಿಲ್ಲ. “ಸಾರ್, ನಾನೇ ಸರಿಯಾಗಿ ನೋಡಬೇಕಿತ್ತು” ಎಂದ. ತಪ್ಪು ನೋಡಬೇಕಿದ್ದವನದಲ್ಲ, ಮಾಡಿಕೊಟ್ಟವನದು. ಉಳಿದ ಮೂರನ್ನೂ ನಮ್ಮ ಖರ್ಚಿನಲ್ಲಿಯೇ ವಾಪಸು ತರಿಸಿ ಬದಲಿಸಿಕೊಟ್ಟೆವು. ಅದು ಪ್ರಾಯಶ್ಚಿತ್ತವೆಂದು ಹೇಳಲಾರೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಅದು.

ಅನಿಲದ ಸ್ವಭಾವ

ನಾವು ಬಳಸುವ ಎಲ್‌ಪಿಜಿ ಪ್ರೊಪೇನ್ ಮತ್ತು ಬ್ಯುಟೇನ್‌ಗಳ ಮಿಶ್ರಣ. ಅದು ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ಮೇಲೇರಿ ಚದುರುವುದಿಲ್ಲ, ನೀರಿನಂತೆ ತಗ್ಗನ್ನು ಹುಡುಕಿಕೊಂಡು ಹೋಗುತ್ತದೆ: ಚರಂಡಿ, ನೆಲಮಾಳಿಗೆ, ಮಹಡಿಯ ಅಡ್ಡಗೋಡೆಯ ಮೂಲೆ. ಗಾಳಿಯಲ್ಲಿ ಅದರ ಪ್ರಮಾಣ ಶೇಕಡಾ 2ರಷ್ಟಾದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಒಂದು ಲೀಟರ್ ದ್ರವ ಸುಮಾರು 250 ಲೀಟರ್ ಅನಿಲವಾಗಿ ಹಿಗ್ಗುತ್ತದೆ. ವಾಸನೆಗಾಗಿ ಮರ್ಕ್ಯಾಪ್ಟನ್ ಬೆರೆಸಿರುತ್ತಾರೆಂಬುದು ನಿಜ. ಆದರೆ ಹೊರಾಂಗಣದ ಗಾಳಿಯಲ್ಲಿ, ಊಟದ ಕಂಪಿನ ನಡುವೆ, ಕಾಲ ಬುಡದಲ್ಲಿರುವ ವಾಸನೆ ಮೂಗಿಗೆ ತಲಪುವಷ್ಟರಲ್ಲಿ ತಡವಾಗಿರಬಹುದು.

ಆದುದರಿಂದ ತಗ್ಗಿಸಿದ ಕೂರುಕಟ್ಟೆಯ ನಡುವೆ ಅಗ್ಗಿಷ್ಟಿಕೆ ಇಡುವ ವಾಸ್ತುವಿನ್ಯಾಸ ನೋಡಲು ಸುಂದರವಾದರೂ ಎಲ್‌ಪಿಜಿಗೆ ತಕ್ಕುದಲ್ಲ. ಅಗ್ಗಿಷ್ಟಿಕೆಯನ್ನು ಇಟ್ಟಿಗೆ ಅಥವಾ ಕಲ್ಲಿನ ಕಟ್ಟೆಯೊಳಗೆ ಹುದುಗಿಸುವುದಾದರೆ, ಎದುರುಬದುರು ಎರಡು ಬದಿಗಳಲ್ಲಿ ನೆಲಮಟ್ಟಕ್ಕೆ ಗಾಳಿಕಿಂಡಿಗಳಿರಲೇಬೇಕು. ಕಿಂಡಿಯನ್ನು ಮೇಲಿಟ್ಟರೆ ಪ್ರಯೋಜನವಿಲ್ಲ.

ಆಯ್ಕೆ ಮಾಡುವಾಗ

ಮೊದಲು ನೋಡಬೇಕಾದುದು ಜ್ವಾಲಾರಕ್ಷಕ ಕವಾಟ. ಜ್ವಾಲೆಯಲ್ಲಿ ಕಾದ ಥರ್ಮೋಕಪಲ್ ಅಲ್ಪ ವಿದ್ಯುತ್ತನ್ನು ಉತ್ಪಾದಿಸಿ ಕವಾಟವನ್ನು ತೆರೆದಿಡುತ್ತದೆ. ಜ್ವಾಲೆ ನಂದಿ ಅದು ತಣಿದೊಡನೆ ಕವಾಟ ಮುಚ್ಚಿಕೊಳ್ಳುತ್ತದೆ. ಹೊರಗಿನ ವಿದ್ಯುತ್ ಬೇಕಿಲ್ಲ. ಇದಿಲ್ಲದ ಅಗ್ಗಿಷ್ಟಿಕೆಯನ್ನು ಎಷ್ಟು ಕಡಿಮೆ ದರಕ್ಕೆ ಕೊಟ್ಟರೂ ಕೊಳ್ಳಬಾರದು. ಕೊಂಡ ದಿನವೇ ಪರೀಕ್ಷಿಸುವುದೂ ಸುಲಭ: ಉರಿಯುತ್ತಿರುವಾಗ ಸಿಲಿಂಡರಿನ ಕವಾಟ ಮುಚ್ಚಿ ಜ್ವಾಲೆಯನ್ನು ನಂದಿಸಿ, ಅಗ್ಗಿಷ್ಟಿಕೆಯ ಗುಂಡಿಯನ್ನು ತೆರೆದೇ ಇಟ್ಟು ಕಾದರೆ, ತುಸು ಹೊತ್ತಿನಲ್ಲಿ ರಕ್ಷಕ ಕವಾಟ ‘ಟಕ್’ ಎಂದು ಮುಚ್ಚಿಕೊಳ್ಳುವ ಸದ್ದು ಕೇಳಬೇಕು.

ಎರಡನೆಯದು ಶಾಖದ ಪ್ರಮಾಣ. ಅಮೆರಿಕದಿಂದ ಬರುವ ಮಾದರಿಗಳಲ್ಲಿ 40,000ದಿಂದ 60,000 ಬಿಟಿಯು ಎಂದು ಬರೆದಿರುತ್ತದೆ. ನಮ್ಮ ಲೆಕ್ಕಕ್ಕೆ ತಂದರೆ ಗಂಟೆಗೆ 50,000 ಬಿಟಿಯು ಎಂದರೆ ಸುಮಾರು 15 ಕಿಲೋವಾಟ್, ಅಡುಗೆಮನೆಯ ಆರೇಳು ದೊಡ್ಡ ಬರ್ನರುಗಳು ಒಟ್ಟಿಗೆ ಉರಿದಂತೆ. ಗಂಟೆಗೆ 1.1ರಿಂದ 1.2 ಕಿಲೋ ಅನಿಲ ಬೇಕಾಗುತ್ತದೆ. 19 ಕಿಲೋ ಸಿಲಿಂಡರ್ ಸುಮಾರು 16 ಗಂಟೆ, ದಿನಕ್ಕೆ ಮೂರು ಗಂಟೆಯಂತೆ ಐದು ಸಂಜೆಗಳಿಗೆ ಬಂದೀತು. ಹೋಂಸ್ಟೇ ನಡೆಸುವ ಮಿತ್ರರು ಕೊಳ್ಳುವ ಮುನ್ನ ಈ ಲೆಕ್ಕವನ್ನು ಬರೆದು ನೋಡಬೇಕು. ನಾಲ್ಕು ಅಗ್ಗಿಷ್ಟಿಕೆ ಕೊಂಡು ಎರಡನ್ನು ಮೂಲೆಗಿಟ್ಟವರನ್ನು ನಾನು ಕಂಡಿದ್ದೇನೆ.

ಮೂರನೆಯದು ಆವಿಯಾಗುವಿಕೆ. ಸಿಲಿಂಡರಿನೊಳಗಿನ ದ್ರವ ಆವಿಯಾಗಲು ತನ್ನ ಸುತ್ತಣ ಶಾಖವನ್ನೇ ಹೀರುತ್ತದೆ. ಒಂದೇ ಸಿಲಿಂಡರಿನಿಂದ ಹೆಚ್ಚು ಅನಿಲ ಎಳೆದರೆ, ಅದರಲ್ಲೂ ಚಳಿಯ ರಾತ್ರಿ, ಸಿಲಿಂಡರ್ ತಣ್ಣಗಾಗಿ ಹೊರಮೈ ಬೆವರುತ್ತದೆ, ಕೆಲವೊಮ್ಮೆ ಹಿಮಗಟ್ಟುತ್ತದೆ, ಜ್ವಾಲೆ ಕುಗ್ಗುತ್ತದೆ. ಆಗ ಕೆಲಸಗಾರರು ಸಿಲಿಂಡರನ್ನು ಅಡ್ಡ ಮಲಗಿಸುವುದು, ಬಿಸಿನೀರು ಸುರಿಯುವುದು ಮುಂತಾದ ಉಪಾಯಗಳಿಗೆ ಕೈಹಾಕುತ್ತಾರೆ. ಮಲಗಿಸಿದ ಸಿಲಿಂಡರಿನಿಂದ ದ್ರವವೇ ರೆಗ್ಯುಲೇಟರಿಗೆ ನುಗ್ಗಿ ಜ್ವಾಲೆ ಒಮ್ಮೆಲೇ ಪುಟಿಯಬಹುದು. ಎರಡು ಸಿಲಿಂಡರುಗಳನ್ನು ಮ್ಯಾನಿಫೋಲ್ಡ್ ಮೂಲಕ ಜೋಡಿಸುವುದೇ ಇದಕ್ಕೆ ಸರಿಯಾದ ಪರಿಹಾರ.

ನಾಲ್ಕನೆಯದು ರೆಗ್ಯುಲೇಟರ್ ಮತ್ತು ಜೆಟ್. ಬರ್ನರನ್ನು ಯಾವ ಒತ್ತಡಕ್ಕೆ ರೂಪಿಸಲಾಗಿದೆಯೋ ಅದೇ ಒತ್ತಡದ ರೆಗ್ಯುಲೇಟರ್ ಇರಬೇಕು. ಜ್ವಾಲೆ ಎತ್ತರಕ್ಕೆ ಏಳಲಿ ಎಂದು ದೊಡ್ಡ ಒಲೆಯ ಹೆಚ್ಚು ಒತ್ತಡದ ರೆಗ್ಯುಲೇಟರನ್ನು ತಂದು ಹಾಕುವುದು ನಮ್ಮಲ್ಲಿ ಕಾಣುವ ಕೆಟ್ಟ ರೂಢಿ. ಕೊಳವೆ ಅನಿಲದ ಸಂಪರ್ಕ ಬಂದಿರುವ ಬೆಂಗಳೂರಿನ ಗ್ರಾಹಕರು ಇನ್ನೊಂದನ್ನು ನೆನಪಿಡಬೇಕು. ಒಂದು ಘನ ಮೀಟರ್ ಎಲ್‌ಪಿಜಿಯಲ್ಲಿರುವ ಶಾಖ ಅಷ್ಟೇ ನೈಸರ್ಗಿಕ ಅನಿಲದಲ್ಲಿರುವುದಕ್ಕಿಂತ ಎರಡು ಪಟ್ಟಿಗೂ ಅಧಿಕ. ಆದ್ದರಿಂದ ನೈಸರ್ಗಿಕ ಅನಿಲಕ್ಕಾಗಿ ಕೊರೆದ ದೊಡ್ಡ ರಂಧ್ರದ ಜೆಟ್‌ಗೆ ಎಲ್‌ಪಿಜಿ ಜೋಡಿಸಿದರೆ ಜ್ವಾಲೆ ಮಿತಿಮೀರುತ್ತದೆ. ಇಂಧನ ಬದಲಾದರೆ ಜೆಟ್ಟೂ ಬದಲಾಗಬೇಕು.

ಇನ್ನು ಲೋಹ. ಮಲೆನಾಡಿನ ಮಳೆಗೆ 202 ದರ್ಜೆಯ ಸ್ಟೀಲ್ ಬಹುಕಾಲ ನಿಲ್ಲುವುದಿಲ್ಲ. ಬರ್ನರ್ 304 ದರ್ಜೆಯದಾಗಿರಲಿ. ಕರಾವಳಿಯ ಉಪ್ಪುಗಾಳಿಗೆ 316 ಇನ್ನೂ ಉತ್ತಮ. ತಟ್ಟೆಯಲ್ಲಿ ನೀರು ಬಸಿಯಲು ರಂಧ್ರವಿರಬೇಕು, ಮುಚ್ಚಳವಿರಬೇಕು. ಬರ್ನರಿನ ಮೇಲೆ ಹರಡಲು ಲಾವಾ ಕಲ್ಲನ್ನೋ ಅದಕ್ಕೆಂದೇ ತಯಾರಿಸಿದ ಗಾಜಿನ ಚೂರುಗಳನ್ನೋ ಬಳಸಬೇಕು. ಹೊಳೆಯ ನುಣುಪು ಕಲ್ಲುಗಳನ್ನು ಎಂದಿಗೂ ಹಾಕಬಾರದು. ಅವುಗಳೊಳಗಿನ ತೇವ ಕಾದು ಆವಿಯಾಗಿ ಕಲ್ಲು ಸಿಡಿಯುತ್ತದೆ. ಹೇಮಾವತಿಯಲ್ಲೋ ಕಾವೇರಿಯಲ್ಲೋ ಪುಕ್ಕಟೆಯಾಗಿ ಸಿಗುವ ಕಲ್ಲು ಅತಿಥಿಯ ಕಣ್ಣಿಗೆ ಎರವಾದೀತು.

ಬಳಕೆಯಲ್ಲಿ

ಸ್ಥಳದ ಆಯ್ಕೆಯೇ ಅರ್ಧ ಸುರಕ್ಷತೆ. ಗೋಡೆ, ಗಿಡ, ಮರದ ಕಂಬಗಳಿಂದ ಕನಿಷ್ಠ ಹತ್ತಡಿ ದೂರವಿರಲಿ. ತಯಾರಕರು ಇನ್ನೂ ಹೆಚ್ಚು ಹೇಳಿದ್ದರೆ ಅದನ್ನೇ ಪಾಲಿಸಬೇಕು. ಮೇಲೆ ಆಕಾಶವಿರಬೇಕು, ಹುಲ್ಲಿನ ಮಾಡು, ಬಿದಿರಿನ ಚಪ್ಪರ, ಶಾಮಿಯಾನ, ನೈಲಾನ್ ಬಟ್ಟೆ ಇರಕೂಡದು. 2017ರ ಡಿಸೆಂಬರ್ 29ರಂದು ಮುಂಬಯಿಯ ಕಮಲಾ ಮಿಲ್ಸ್ ಆವರಣದ ಮಹಡಿಯ ಉಪಾಹಾರ ಗೃಹಗಳಲ್ಲಿ 14 ಮಂದಿ ಮೃತಪಟ್ಟ ದುರಂತವನ್ನು ನಾವು ಮರೆಯಬಾರದು. ಹುಕ್ಕಾದ ಕೆಂಡದ ಕಿಡಿಯೇ ಅದಕ್ಕೆ ಮೂಲವೆಂದು ತನಿಖೆ ಹೇಳಿತು. ಕಿಡಿ ಸಣ್ಣದೇ, ಅದಕ್ಕೆ ಆಹಾರವಾದದ್ದು ತಲೆಯ ಮೇಲಿನ ಅಲಂಕಾರ.

ಕೆಂಡ ಹಾರುವುದಿಲ್ಲವೆಂಬುದು ಅನಿಲ ಅಗ್ಗಿಷ್ಟಿಕೆಯ ದೊಡ್ಡ ಗುಣ. ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ಕಾಫಿ ತೋಟದ ಒಣ ತರಗೆಲೆಯ ನಡುವೆ ಸೌದೆಯ ಬೆಂಕಿಗಿಂತ ಇದು ಎಷ್ಟೋ ಮೇಲು. ಹೊಗೆಯೂ ಇಲ್ಲ. ಈ ಗುಣವನ್ನು ನಾನು ಅಲ್ಲಗಳೆಯುತ್ತಿಲ್ಲ; ಹಾಗೆ ನೋಡಿದರೆ ಈ ಗುಣಕ್ಕಾಗಿಯೇ ಇದನ್ನು ಸರಿಯಾಗಿ ಮಾಡಬೇಕು ಎನ್ನುತ್ತಿದ್ದೇನೆ.

ಹೊತ್ತಿಸುವಾಗ ತಯಾರಕರ ಸೂಚನೆಯ ಕ್ರಮವನ್ನೇ ಅನುಸರಿಸಬೇಕು. ಕೈಯಿಂದ ಹೊತ್ತಿಸುವ ಮಾದರಿಯಾದರೆ ಮೊದಲು ಕಿಡಿ, ಅನಂತರ ಅನಿಲ. ಒಮ್ಮೆಗೆ ಹೊತ್ತದಿದ್ದರೆ ಕವಾಟ ಮುಚ್ಚಿ ಐದು ನಿಮಿಷ ಕಾಯಬೇಕು. ಮುಖವನ್ನು ಬೋಗುಣಿಯ ಮೇಲೆ ಬಾಗಿಸಬಾರದು. ಹೋಸ್ ಐಎಸ್‌ಐ ಮುದ್ರೆಯುಳ್ಳದ್ದಾಗಿದ್ದು ಅದರ ಮೇಲೆ ಅಚ್ಚಾದ ಅವಧಿಯೊಳಗೆ ಬದಲಾಗಬೇಕು. ಜನರು ನಡೆದಾಡುವ ದಾರಿಗೆ ಅಡ್ಡ ಬರಬಾರದು. ಕೀಲುಗಳನ್ನು ಸೋಪಿನ ನೀರಿನಿಂದ ಪರೀಕ್ಷಿಸಬೇಕು, ಕಡ್ಡಿ ಗೀರಿ ಅಲ್ಲ. ಮಳೆಗಾಲ ಕಳೆದು ಮೊದಲ ಬಾರಿ ಹೊತ್ತಿಸುವ ಮುನ್ನ ಬರ್ನರಿನ ಗಾಳಿಕೊಳವೆಯಲ್ಲಿ ಜೇಡರ ಬಲೆ, ಕಣಜದ ಗೂಡು ಇವೆಯೇ ಎಂದು ನೋಡಬೇಕು. ಅವು ದಾರಿ ಕಟ್ಟಿದರೆ ಜ್ವಾಲೆ ಹಿಮ್ಮುಖವಾಗಿ ಕೊಳವೆಯಾಚೆ ಉರಿಯುತ್ತದೆ. ಕಾದ ಕಲ್ಲು, ಗಾಜುಗಳ ಮೇಲೆ ನೀರೆರಚಬಾರದು. ರಾತ್ರಿ ಆರಿಸುವಾಗ ಸಿಲಿಂಡರಿನ ಕವಾಟವನ್ನೂ ಮುಚ್ಚಬೇಕು. ಒಣಪುಡಿಯ ಅಗ್ನಿಶಾಮಕವೊಂದು ಕೈಗೆಟುಕುವಂತಿರಲಿ. ಆದರೆ ಅನಿಲದ ಜ್ವಾಲೆಗೆ ಮೊದಲ ಮದ್ದು ಕವಾಟ ಮುಚ್ಚುವುದೇ. ಸೋರಿಕೆಗೆ 1906, ಬೆಂಕಿಗೆ 112 ಎಂಬ ಸಂಖ್ಯೆಗಳು ಗೋಡೆಯ ಮೇಲೆ ಕನ್ನಡದಲ್ಲಿ ಬರೆದಿರಲಿ.

ಎಲ್ಲಕ್ಕಿಂತ ಮಿಗಿಲಾದ ಮಾತೊಂದಿದೆ. ಹೊರಗಿನ ಉಪಕರಣ ಹೊರಗೇ ಇರಬೇಕು. 2020ರ ಜನವರಿಯಲ್ಲಿ ನೇಪಾಳದ ದಾಮನ್‌ಗೆ ಪ್ರವಾಸ ಹೋಗಿದ್ದ ಕೇರಳದ ಎಂಟು ಮಂದಿ, ಅವರಲ್ಲಿ ನಾಲ್ವರು ಮಕ್ಕಳು, ವಸತಿಗೃಹದ ಮುಚ್ಚಿದ ಕೋಣೆಯಲ್ಲಿ ರಾತ್ರಿ ಅನಿಲ ಹೀಟರ್ ಉರಿಸಿಕೊಂಡು ಮಲಗಿದ್ದವರು ಬೆಳಿಗ್ಗೆ ಏಳಲಿಲ್ಲ. ಆಮ್ಲಜನಕ ಸಾಲದೆ ಉರಿಯುವ ಅನಿಲ ಕಾರ್ಬನ್ ಮಾನಾಕ್ಸೈಡನ್ನು ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಳೆ ಬಂತೆಂದು ಅಗ್ಗಿಷ್ಟಿಕೆಯನ್ನು ಜಗಲಿಗೋ, ನಾಲ್ಕೂ ಕಡೆ ಪ್ಲಾಸ್ಟಿಕ್ ಪರದೆ ಇಳಿಬಿಟ್ಟ ಮಹಡಿಗೋ ತಳ್ಳುವವರು ಇದನ್ನು ನೆನೆಯಬೇಕು.

ಮೇಜಿನ ಮೇಲಿಡುವ, ಮದ್ಯಸಾರ ಸುರಿದು ಉರಿಸುವ ಪುಟ್ಟ ಅಗ್ಗಿಷ್ಟಿಕೆಗಳು ಇದಕ್ಕಿಂತ ಸುರಕ್ಷಿತವೆಂದು ಮಾರುವವರೂ ಇದ್ದಾರೆ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು 2024ರ ಡಿಸೆಂಬರಿನಲ್ಲಿ ಅಂತಹವುಗಳ ಬಳಕೆಯನ್ನು ಕೂಡಲೇ ನಿಲ್ಲಿಸುವಂತೆ ಎಚ್ಚರಿಸಿತು. 2019ರಿಂದ ಎರಡು ಸಾವುಗಳು ಹಾಗೂ ಕನಿಷ್ಠ 60 ಗಾಯದ ಪ್ರಕರಣಗಳು ಅವುಗಳಿಂದ ಸಂಭವಿಸಿವೆಯೆಂದು ಅದು ತಿಳಿಸಿತು. ಆಮದು ಮಾಡುವ ಸದಸ್ಯರು ಗಮನಿಸತಕ್ಕದ್ದು.

ಕಾನೂನಿನ ಮಾತು

ಗೃಹಬಳಕೆಯ 14.2 ಕಿಲೋ ಸಿಲಿಂಡರನ್ನು ವಾಣಿಜ್ಯ ಕಾರ್ಯಕ್ಕೆ ಬಳಸುವುದನ್ನು 2000ದ ಎಲ್‌ಪಿಜಿ ಸರಬರಾಜು ಮತ್ತು ವಿತರಣೆ ನಿಯಂತ್ರಣ ಆದೇಶ ನಿಷೇಧಿಸಿದೆ. ಅತಿಥಿಗಳಿಂದ ಹಣ ಪಡೆಯುವ ಹೋಂಸ್ಟೇಯ ಅಂಗಳ ವಾಣಿಜ್ಯ ಸ್ಥಳವೇ. 2016ರ ಅನಿಲ ಸಿಲಿಂಡರ್ ನಿಯಮಗಳ ಪ್ರಕಾರ ಒಮ್ಮೆಗೆ 100 ಕಿಲೋ ಮೀರಿದ ಎಲ್‌ಪಿಜಿ ಸಂಗ್ರಹಕ್ಕೆ ಪರವಾನಗಿ ಬೇಕು. 19 ಕಿಲೋದ ಐದು ಸಿಲಿಂಡರುಗಳಿಗೆ 95 ಕಿಲೋ ಆಯಿತು. ಆರನೆಯದು ಮಿತಿಯನ್ನು ದಾಟಿಸುತ್ತದೆ. ಅಡುಗೆಮನೆಯ ಸಿಲಿಂಡರುಗಳನ್ನೂ ಸೇರಿಸಿ ಲೆಕ್ಕ ಹಾಕಬೇಕೆಂಬುದನ್ನು ಅನೇಕರು ಮರೆಯುತ್ತಾರೆ. ಸಿಲಿಂಡರುಗಳ ಅಳವಡಿಕೆಗೆ ಐಎಸ್ 6044 ಎಂಬ ಭಾರತೀಯ ಮಾನಕವಿದೆ. ಅಳವಡಿಸುವ ಗುತ್ತಿಗೆದಾರರಿಂದ ಅದರ ಪಾಲನೆಯನ್ನು ಕೇಳಿ ಪಡೆಯಬೇಕು.

ಉತ್ಪಾದಕರಿಗೂ ವರ್ತಕರಿಗೂ ಮುಖ್ಯವಾದುದು 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಆರನೆಯ ಅಧ್ಯಾಯ. ಉತ್ಪನ್ನದ ಹೊಣೆಗಾರಿಕೆ ಎಂಬ ಪರಿಕಲ್ಪನೆಯನ್ನು ಅದು ಸ್ಪಷ್ಟವಾಗಿ ತಂದಿದೆ. ತಯಾರಿಕೆಯ ದೋಷವಷ್ಟೇ ಅಲ್ಲ, ವಿನ್ಯಾಸದ ದೋಷಕ್ಕೂ, ಸರಿಯಾದ ಬಳಕೆಯ ಸೂಚನೆ ಹಾಗೂ ಎಚ್ಚರಿಕೆ ನೀಡದಿದ್ದುದಕ್ಕೂ ಉತ್ಪಾದಕನು ಹೊಣೆಗಾರನಾಗುತ್ತಾನೆ. ಮಾರಾಟಗಾರನು ಸರಕನ್ನು ತಾನೇ ಮಾರ್ಪಡಿಸಿದ್ದರೆ ಅಥವಾ ಅದರ ಉತ್ಪಾದಕರು ಯಾರೆಂದು ತಿಳಿಯದಿದ್ದರೆ, ಹೊಣೆ ಅವನ ಹೆಗಲಿಗೂ ಏರುತ್ತದೆ. ಹೆಸರಿಲ್ಲದ, ಫಲಕವಿಲ್ಲದ ಅಗ್ಗಿಷ್ಟಿಕೆಯನ್ನು ಅಂಗಡಿಯಲ್ಲಿಟ್ಟು ಮಾರುವವರು ಈ ವಾಕ್ಯವನ್ನು ಎರಡು ಬಾರಿ ಓದಬೇಕು.

ಒಂದು ಆಕ್ಷೇಪ, ಒಂದು ಸಲಹೆ

“ಗ್ರಾಹಕರು ಕೇಳಿದ್ದನ್ನು ನಾವು ಮಾಡಿಕೊಡುತ್ತೇವೆ. ನಾನು ಕವಾಟ ಸೇರಿಸಿ ದರ ಹೆಚ್ಚಿಸಿದರೆ ಪಕ್ಕದ ಶೆಡ್ಡಿನವರು ಅದಿಲ್ಲದೆ ಮಾಡಿಕೊಟ್ಟು ಆದೇಶ ಪಡೆಯುತ್ತಾರೆ” ಎಂದು ಕೆಲವು ಸದಸ್ಯರು ಹೇಳುವುದನ್ನು ಕೇಳಿದ್ದೇನೆ. ನಾನೂ ಹಾಗೆಯೇ ಹೇಳಿಕೊಂಡವನು. ಈ ಮಾತಿನಲ್ಲಿ ವ್ಯಾಪಾರದ ಸತ್ಯವಿದೆ. ಆದರೆ ಪ್ರೆಷರ್ ಕುಕ್ಕರನ್ನು ಕೊಳ್ಳುವ ಯಾವ ಗೃಹಿಣಿಯೂ ಸುರಕ್ಷಾ ವಾಲ್ವ್ ತೆಗೆದು ದರ ಇಳಿಸಿಕೊಡಿ ಎನ್ನುವುದಿಲ್ಲ, ಏಕೆಂದರೆ ಹಾಗೊಂದು ಕುಕ್ಕರ್ ಅಂಗಡಿಯಲ್ಲಿ ಇರಬಾರದೆಂಬುದು ಎಲ್ಲರಿಗೂ ತಿಳಿದಿದೆ. ಕುಕ್ಕರುಗಳಿಗೆ 2020ರಲ್ಲಿ ಗುಣಮಟ್ಟ ನಿಯಂತ್ರಣ ಆದೇಶ ಬಂತು; 2022ರಲ್ಲಿ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಅದನ್ನು ಪಾಲಿಸದ ಸರಕು ಮಾರಾಟವಾದುದಕ್ಕಾಗಿ ದೊಡ್ಡ ಇ-ವಾಣಿಜ್ಯ ಸಂಸ್ಥೆಗಳಿಗೂ ದಂಡ ವಿಧಿಸಿ, ಗ್ರಾಹಕರ ಹಣ ಮರಳಿಸುವಂತೆ ಆದೇಶಿಸಿತು. ಆದೇಶ ಬಂದ ಮೇಲೆ ಓಡಾಡುವ ಬದಲು ಅದಕ್ಕೆ ಮೊದಲೇ ನಾವು ಸಿದ್ಧರಾಗುವುದು ವಿವೇಕ. ಅಮೆರಿಕದಲ್ಲಿ ಹೊರಾಂಗಣದ ಅಲಂಕಾರಿಕ ಅನಿಲ ಉಪಕರಣಗಳಿಗೆಂದೇ ಎಎನ್‌ಎಸ್‌ಐ ಝಡ್21.97 ಎಂಬ ಮಾನಕವಿದೆ. ನಮ್ಮ ವಿನ್ಯಾಸಗಳನ್ನು ಅದರೊಡನೆ ಹೋಲಿಸಿ ನೋಡಲು ಯಾರ ಅಪ್ಪಣೆಯೂ ಬೇಕಿಲ್ಲ.

ಆದುದರಿಂದ ಮೂರು ಸಲಹೆಗಳನ್ನು ಸಂಸ್ಥೆಯ ಮುಂದಿಡುತ್ತೇನೆ.

ಒಂದು: ಅಗ್ಗಿಷ್ಟಿಕೆ ತಯಾರಿಸುವ ಹಾಗೂ ಮಾರುವ ಸದಸ್ಯರೆಲ್ಲರೂ ಜ್ವಾಲಾರಕ್ಷಕ ಕವಾಟವಿಲ್ಲದ ಉಪಕರಣವನ್ನು ಯಾವ ದರಕ್ಕೂ ಮಾರುವುದಿಲ್ಲವೆಂದು ಸ್ವಯಂಪ್ರೇರಿತರಾಗಿ ಒಪ್ಪಬೇಕು. ಎಲ್ಲರೂ ಒಪ್ಪಿದರೆ ಪಕ್ಕದ ಶೆಡ್ಡಿನ ಭಯ ಬಹುಮಟ್ಟಿಗೆ ಇಲ್ಲವಾಗುತ್ತದೆ.

ಎರಡು: ಪ್ರತಿ ಉಪಕರಣದ ಮೇಲೆ ತಯಾರಕರ ಹೆಸರು, ಇಂಧನದ ಬಗೆ, ಒತ್ತಡ, ಗಂಟೆಗೆ ಅನಿಲದ ಬಳಕೆ ಇವುಗಳನ್ನು ಕೆತ್ತಿದ ಫಲಕವಿರಬೇಕು, ಜೊತೆಗೆ ಕನ್ನಡದಲ್ಲಿ ಒಂದು ಪುಟದ ಸೂಚನಾ ಪತ್ರವಿರಬೇಕು. ಅದನ್ನು ಹೊತ್ತಿಸುವವರು ಮಾಲೀಕರಲ್ಲ, ಕೆಲಸದ ಹುಡುಗರು. ಇಂಗ್ಲಿಷಿನಲ್ಲಿರುವ ಕೈಪಿಡಿ ಕಚೇರಿಯ ಬೀರುವಿನಲ್ಲಿ ಉಳಿಯುತ್ತದೆ.

ಮೂರು: ನಮ್ಮ ಸಂಸ್ಥೆಯು ಪೀಣ್ಯದಲ್ಲಿರುವ ಭಾರತೀಯ ಮಾನಕ ಬ್ಯೂರೋ ಶಾಖಾ ಕಚೇರಿ, ಅಗ್ನಿಶಾಮಕ ಇಲಾಖೆ ಹಾಗೂ ತೈಲ ಕಂಪನಿಗಳ ಅಧಿಕಾರಿಗಳನ್ನು ಆಹ್ವಾನಿಸಿ, ಚಳಿಗಾಲಕ್ಕೆ ಮುಂಚೆಯೇ ಒಂದು ದಿನದ ಕಾರ್ಯಾಗಾರ ಏರ್ಪಡಿಸಬೇಕು. ಅನ್ವಯವಾಗುವ ಮಾನಕಗಳನ್ನೂ ನಿಯಮಗಳನ್ನೂ ಸದಸ್ಯರಿಗೆ ತಿಳಿಸಿಕೊಡಬೇಕು. ಹೋಂಸ್ಟೇ ಮಾಲೀಕರ ಸಂಘಗಳಿಗೂ ಅದರ ಆಹ್ವಾನ ಹೋಗಲಿ.

ಇವುಗಳಿಗೆ ದೊಡ್ಡ ಬಂಡವಾಳ ಬೇಕಿಲ್ಲ. ಸರ್ಕಾರದ ಅನುದಾನವೂ ಬೇಕಿಲ್ಲ. ದರಪಟ್ಟಿಯಿಂದ ತೆಗೆಯಬಾರದ ಒಂದು ಸಾಲು ಯಾವುದು ಎಂಬ ತಿಳಿವಳಿಕೆ ಸಾಕು. ಆ ಹುಡುಗ ಈಗ ಅದೇ ವಸತಿಗೃಹದಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದಾನೆ. ಅಡುಗೆಯವನಾಗಬೇಕೆಂಬುದು ಅವನ ಆಸೆಯಾಗಿತ್ತು. ಪ್ರತಿ ವರ್ಷ ನವೆಂಬರಿನಲ್ಲಿ ಹೊಸ ಆದೇಶಗಳು ಬರತೊಡಗಿದಾಗ ನಮ್ಮ ಘಟಕದ ದರಪಟ್ಟಿಯನ್ನು ನಾನೇ ಒಮ್ಮೆ ಓದುತ್ತೇನೆ. ಆ ಒಂದು ಸಾಲು ಅಲ್ಲಿದೆಯೆಂದು ನೋಡಿದ ಮೇಲೆಯೇ ಸಹಿ ಹಾಕುತ್ತೇನೆ. ಸದಸ್ಯ ಬಾಂಧವರೂ ಹಾಗೆ ಮಾಡಬೇಕೆಂದು ವಿನಂತಿಸುತ್ತೇನೆ.